ಇವರಿಬ್ಬರೂ ಎಲ್ಲಿಗೆ ಹೊರಟಿದ್ದಾರೆ?

ಈ ವಾರವೆಲ್ಲ ನಮ್ಮ ಮನೆಯಲ್ಲಿ ಅಕ್ಕನ ಮಗನ ಲಗ್ನಪತ್ರಿಕೆಯದೇ ಮಾತು. ಮೇಲೆ ಗಣಪತಿ ಇರಲಿ, ಒಳಪುಟಕ್ಕೆ ಇದು ಎಂದು ಹುಡುಗ ಮೊಬೈಲ್ ಚಾಚಿದ. ಜಪಾನಿನ ಸುಜುಕಿ ಹರುನೊಬುವಿನ ಮರದಚ್ಚಿನ ಚಿತ್ರ. ಹಿಮದಲ್ಲಿ ಒಂದೇ ಕೊಡೆಯಡಿ ಇಬ್ಬರು. ಅವನದು ಕಪ್ಪು ಉಡುಗೆ, ಅವಳದು ಬಿಳಿ. ಎಲ್ಲರೂ ಚೆಂದ ಚೆಂದ ಎಂದರು. ಅತ್ತೆ ಮಾತ್ರ ಕನ್ನಡಕ ಏರಿಸಿ ಕೇಳಿದರು: "ಅಲ್ಲವೋ, ಇವರಿಬ್ಬರೂ ಎಲ್ಲಿಗೆ ಹೊರಟಿದ್ದಾರೆ?"

ಅತ್ತೆಗೆ ಎಲ್ಲದರಲ್ಲೂ ಕೊಕ್ಕೆ ತೆಗೆಯುವ ಅಭ್ಯಾಸ. ಹೆಣ್ಣು ನೋಡಲು ಹೋದಾಗ ಕಾಫಿಯಲ್ಲೂ ತೆಗೆದಿದ್ದರು. ಆದರೆ ಈ ಪ್ರಶ್ನೆ ಬಸ್ಸಿನಲ್ಲಿ, ಕಚೇರಿಯಲ್ಲಿ ನನ್ನ ಬೆನ್ನು ಬಿಡಲಿಲ್ಲ. ಎಲ್ಲಿಗೆ ಹೊರಟಿದ್ದಾರೆ?

1765ರ ಸುಮಾರಿಗೆ ಎಡೋ ನಗರದ, ಅಂದರೆ ಇಂದಿನ ಟೋಕಿಯೊದ, ಸಿರಿವಂತ ರಸಿಕರು ಪಂಚಾಂಗದ ಚಿತ್ರಗಳನ್ನು ಪರಸ್ಪರ ಹಂಚಿಕೊಳ್ಳುವ ಗೀಳಿಗೆ ಹಣ ಸುರಿದರು. ಬಣ್ಣಕ್ಕೊಂದು ಹಲಗೆ ಕೆತ್ತಿ ಮುದ್ರಿಸುವ 'ನಿಶಿಕಿ-ಎ' ಬೆಳೆದದ್ದು ಆ ಹಣದಿಂದ. ಬಣ್ಣಗಳು ಅಷ್ಟು ಸುಲಭವಾಗಿ ಒದಗಿದ ಹೊತ್ತಿನಲ್ಲಿ ಹರುನೊಬು ಈ ಜೋಡಿಗೆ ಆರಿಸಿಕೊಂಡದ್ದು ಕಪ್ಪು, ಬಿಳಿ! ಮುಖಗಳಿಗೆ ವಯಸ್ಸಿಲ್ಲ; ಅವನ ಮುಖ ಅವಳಿಗಿಟ್ಟರೂ ನಡೆದೀತು. ಹಿಂದೆ ಬಿಟ್ಟ ಮನೆ ಕಾಣುವುದಿಲ್ಲ, ಮುಂದೆ ಸೇರುವ ಊರೂ ಕಾಣುವುದಿಲ್ಲ. ಕನಸಿನಲ್ಲಿ ನಡೆಯುವುದು ಹೀಗೆಯೇ ಅಲ್ಲವೇ?

ಬಲ್ಲವರು ಈ ಚಿತ್ರದಲ್ಲಿ 'ಮಿಚಿಯುಕಿ'ಯ ನೆರಳನ್ನು ಕಾಣುತ್ತಾರೆ. ಕೂಡಿ ಬಾಳಲಾಗದ ಪ್ರೇಮಿಗಳು ಕೂಡಿ ಸಾಯಲು ಹೊರಡುವ ನಡಿಗೆ ಅದು. ಬೊಂಬೆಯಾಟ, ಕಬುಕಿ ನಾಟಕಗಳಲ್ಲಿ ಜನ ಕಣ್ಣೀರಿಡುತ್ತಿದ್ದ ಭಾಗ. 1703ರಲ್ಲಿ ಚಿಕಮತ್ಸು ಬರೆದ ಅಂಥ ನಾಟಕ ಎಬ್ಬಿಸಿದ ಅಲೆ ಎಷ್ಟು ದೊಡ್ಡದೆಂದರೆ, 1723ರಲ್ಲಿ ಆಡಳಿತ ಈ ಬಗೆಯ ನಾಟಕಗಳನ್ನೇ ನಿಷೇಧಿಸಿತು. ಪ್ರಾಣ ಕೊಡಲು ಹೊರಟವರ ಹೆಜ್ಜೆಯ ಗುರುತಿರುವ ಚಿತ್ರ, ನಮ್ಮ ಹುಡುಗನ ಲಗ್ನಪತ್ರಿಕೆಗೆ! ಸಾಲದ್ದಕ್ಕೆ ಅದರ ರೂಢಿಯ ಹೆಸರು 'ಕಾಗೆ ಮತ್ತು ಬೆಳ್ಳಕ್ಕಿ'. ನಮ್ಮ ಮನೆಯಲ್ಲಿ ಕಾಗೆಯನ್ನು ಕರೆಯುವುದು ಶ್ರಾದ್ಧದ ದಿನ ಮಾತ್ರ.

ಹಾಗಿದ್ದರೂ ನನ್ನ ಮತ ಹುಡುಗನಿಗೇ. ಮದುವೆಗೆ ಮುನ್ನ ಯಾವುದೋ ತೋಟದಲ್ಲಿ ಕೃತಕ ಹೊಗೆ ಬಿಟ್ಟು, ಹೇಳಿದಂತೆ ನಕ್ಕು ತೆಗೆಸಿಕೊಳ್ಳುವ ಫೋಟೊಗಳಲ್ಲಿ ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳುವ ಹಾಗೇ ಇಲ್ಲ: ಛತ್ರ, ಮುಹೂರ್ತ, ಊಟದ ಪಟ್ಟಿ ಎಲ್ಲವೂ ನಿಗದಿ. ನಾವೆಲ್ಲ ಆ ಚಿತ್ರದಲ್ಲಿ ಜೋಡಿಯನ್ನು ನೋಡಿ ಸುಮ್ಮನಾದೆವು. ಅವರು ನಡೆಯುತ್ತಿರುವುದನ್ನು ಗಮನಿಸಿದವರು, ಮದುವೆಯ ದಿನವಷ್ಟೇ ಮಾವನ ಮುಖ ನೋಡಿದ ಅತ್ತೆ.

ಮಿಚಿಯುಕಿಯ ಸಂಗತಿಯನ್ನು ಹುಡುಗನಿಗೆ ಹೇಳಿದ್ದೇನೆ. ಅವನು ಹಟ ಬಿಟ್ಟಿಲ್ಲ. ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ ಪತ್ರಿಕೆಯಲ್ಲ, ಮುಹೂರ್ತವೇ ಮುಂದಕ್ಕೆ ಹೋದೀತು.