ಹಿಟ್ಟಲ್ಲ, ಚಕ್ಕೆ ಬೀಳಬೇಕು

ಮಳೆಗೆ ಮುರಿದು ಬಿದ್ದ ಹಲಸಿನ ಕೊಂಬೆಯನ್ನು ಇವತ್ತು ಚೈನ್‌ಸಾದಲ್ಲಿ ಕೊಯ್ಯುತ್ತಿದ್ದೆ. ಅರ್ಧಕ್ಕೆ ಬರುವಾಗ ಚಕ್ಕೆ ನಿಂತು ಬರೀ ಹಿಟ್ಟು ಉದುರತೊಡಗಿತು.

"ಬಂದ್ ಮಾಡು ಮಾರಾಯ, ಚೈನ್ ಮೊಂಡಾಗಿದೆ" ಎಂದರು ಕಲಿಸುತ್ತಿರುವ ಅಣ್ಣ.

ಹರಿತಕ್ಕಿಂತ ಮೊಂಡು ಚೈನಿಗೇ ಜಾಸ್ತಿ ಹೆದರಬೇಕು ಅಂತಾರೆ ಅವರು. ನಿಜ ಅಲ್ವಾ? ಅದು ತಾನಾಗಿ ಇಳಿಯುವುದಿಲ್ಲ, ನಾವು ಒತ್ತುತ್ತೇವೆ, ಹಿಡಿತ ತಪ್ಪುತ್ತದೆ. ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ತುದಿಯ ಮೇಲ್ಭಾಗ ಎಲ್ಲಾದರೂ ತಾಗಿತೋ, ಮಷಿನ್ ನಮ್ಮ ಮುಖಕ್ಕೇ ಚಿಮ್ಮುತ್ತದೆ. ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇರುವುದೇ ಅದಕ್ಕೆ. ಆದರೂ ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿಕೊಂಡೇ ಇರಬೇಕು.

ಗ್ಲೌಸ್ ಹಾಕಿ, ದುಂಡು ಅರದಿಂದ ಒಂದೊಂದೇ ಹಲ್ಲು ಉಜ್ಜಿದೆ. ಒಳಗಿಂದ ಹೊರಕ್ಕೆ, ಒಂದೇ ದಿಕ್ಕಿಗೆ, ಎಲ್ಲಕ್ಕೂ ಸಮ.

ಮತ್ತೆ ಇಟ್ಟದ್ದೇ ತಡ, ದಪ್ಪ ಹಳದಿ ಚಕ್ಕೆ! ಎಂಥ ಖುಷಿ ಗೊತ್ತಾ. ಕೊಯ್ಯುವುದಕ್ಕಿಂತ ಈ ಅರ ಹಿಡಿದು ಕೂರುವುದೇ ನನಗೆ ಹೆಚ್ಚು ಇಷ್ಟವಾಗುತ್ತಿದೆ.