ಔಷಧಿ ಅದೇ, ದಾರಿ ಬೇರೆ

ಹಾರ್ಮೋನು ಪರೀಕ್ಷೆಗಳ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಯಂತ್ರ ಕೊಟ್ಟ ಸಂಖ್ಯೆ ಸರಿಯಾಗಿದ್ದರೆ ನನ್ನ ಹೊಣೆ ಮುಗಿಯಿತು ಎಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು ಒಬ್ಬ ಮಹಿಳೆಯ ಐಜಿಎಫ್-1 (ಬೆಳವಣಿಗೆ ಹಾರ್ಮೋನಿನ ಕೆಲಸವನ್ನು ತೋರಿಸುವ ರಕ್ತದ ಹಾರ್ಮೋನು) ವರದಿ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಹಲವು ಹಾರ್ಮೋನುಗಳನ್ನು ಹೊರಗಿನಿಂದಲೇ ಕೊಡಬೇಕಾಗಿತ್ತು. ಥೈರಾಕ್ಸಿನ್, ಹೈಡ್ರೊಕಾರ್ಟಿಸೋನ್, ಈಸ್ಟ್ರೋಜನ್, ಇವುಗಳ ಜೊತೆಗೆ ರಾತ್ರಿ ಮಲಗುವ ಮುನ್ನ ಬೆಳವಣಿಗೆ ಹಾರ್ಮೋನಿನ ಚುಚ್ಚುಮದ್ದು. ಆ ಚುಚ್ಚುಮದ್ದಿನ ಪ್ರಮಾಣ ಸಾಲುತ್ತಿದೆಯೇ ಎಂದು ತಿಳಿಯಲು ಬೆಳವಣಿಗೆ ಹಾರ್ಮೋನನ್ನೇ ಅಳೆದರೆ ಪ್ರಯೋಜನವಿಲ್ಲ. ರಕ್ತಕ್ಕೆ ಬಂದದ್ದರಲ್ಲಿ ಅರ್ಧದಷ್ಟು ಸುಮಾರು 20 ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದರ ಅಪ್ಪಣೆಯ ಮೇರೆಗೆ ಯಕೃತ್ತು ತಯಾರಿಸುವ ಐಜಿಎಫ್-1 ಹಾಗಲ್ಲ. ಅದು ವಾಹಕ ಪ್ರೋಟೀನುಗಳಿಗೆ ಅಂಟಿಕೊಂಡು ಗಂಟೆಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ದಿನದ ಯಾವ ಹೊತ್ತಿನಲ್ಲಿ ರಕ್ತ ತೆಗೆದರೂ ಮಟ್ಟ ಹೆಚ್ಚುಕಡಿಮೆ ಒಂದೇ. ಆದ್ದರಿಂದಲೇ ವೈದ್ಯರು ಅದನ್ನು ನೆಚ್ಚಿಕೊಳ್ಳುತ್ತಾರೆ.

ಎರಡು ವರ್ಷ ಸ್ಥಿರವಾಗಿದ್ದ ಅವರ ಮಟ್ಟ ಒಂದು ಸಲ ಮೂರನೇ ಒಂದು ಭಾಗದಷ್ಟು ಕುಸಿಯಿತು. ವೈದ್ಯರು ಫೋನ್ ಮಾಡಿ, "ನಿಮ್ಮ ಯಂತ್ರದಲ್ಲಿ ಏನೋ ತೊಂದರೆ ಇರಬಹುದು, ನೋಡಿ" ಎಂದರು. ನಾನು ಗುಣಮಟ್ಟ ನಿಯಂತ್ರಣದ ಮಾದರಿಗಳನ್ನು ಮತ್ತೆ ಓಡಿಸಿದೆ, ಹೊಸ ಕಿಟ್ ತೆರೆದೆ, ಅದೇ ರಕ್ತವನ್ನು ಮೂರು ಬಾರಿ ಅಳೆದೆ. ಅದೇ ಸಂಖ್ಯೆ ಬಂತು. ರೋಗಿಯನ್ನು ಕರೆದು "ಔಷಧಿ ಏನಾದರೂ ಬದಲಾಗಿದೆಯೇ?" ಎಂದು ಕೇಳಿದೆ. "ಇಲ್ಲ ಮೇಡಂ, ಎಲ್ಲವೂ ಹಿಂದಿನದೇ" ಎಂದರು. ಸಮಾಧಾನದಿಂದ ವರದಿಗೆ ಸಹಿ ಹಾಕಿದೆ. ಚುಚ್ಚುಮದ್ದಿನ ಪ್ರಮಾಣವನ್ನು ಏರಿಸಲಾಯಿತು. ಮುಂದಿನ ಪರೀಕ್ಷೆಯಲ್ಲೂ ಮಟ್ಟ ಸಾಲದೆ, ಇನ್ನೊಮ್ಮೆ ಏರಿಸಲಾಯಿತು.

ನಾಲ್ಕು ತಿಂಗಳ ನಂತರ ಒಂದು ಬೆಳಗ್ಗೆ ರಕ್ತ ತೆಗೆಯುವ ಮೇಜಿನಲ್ಲಿ ನಾನೇ ಇದ್ದೆ. ತೋಳಿನ ಪಟ್ಟಿ ಬಿಗಿಯುತ್ತಿದ್ದಂತೆ ಅವರು, "ಇದಕ್ಕೆ ಚರ್ಮ ಕೆರೆಯುವುದಿಲ್ಲ ತಾನೇ? ಆ ಈಸ್ಟ್ರೋಜನ್ ಪ್ಯಾಚ್ ಅಂಟಿಸಿ ಅಂಟಿಸಿ ಸಾಕಾಗಿತ್ತು. ಅದಕ್ಕೇ ಸ್ತ್ರೀರೋಗ ತಜ್ಞರು ಅದೇ ಔಷಧಿಯನ್ನು ಮಾತ್ರೆಯಲ್ಲಿ ಕೊಟ್ಟಿದ್ದಾರೆ" ಎಂದರು. ಯಾವಾಗಿನಿಂದ ಎಂದು ಕೇಳಿದೆ. ಮಟ್ಟ ಕುಸಿದ ಪರೀಕ್ಷೆಗೆ ಒಂದೂವರೆ ತಿಂಗಳ ಮೊದಲಿನಿಂದ.

ಅವರು ನನಗೆ ಸುಳ್ಳು ಹೇಳಿರಲಿಲ್ಲ. ಔಷಧಿ ನಿಜವಾಗಿಯೂ ಅದೇ. ನನ್ನ ಪ್ರಶ್ನೆಯೇ ತಪ್ಪಾಗಿತ್ತು.

ಬಾಯಿಯ ಮೂಲಕ ನುಂಗಿದ ಈಸ್ಟ್ರೋಜನ್ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ದೇಹದ ಉಳಿದ ಭಾಗಕ್ಕೆ ಹಂಚಿಕೆಯಾಗುವ ಮೊದಲೇ ಅಲ್ಲಿ ಅದರ ಸಾಂದ್ರತೆ ತುಂಬಾ ಹೆಚ್ಚಿರುತ್ತದೆ. ಬೆಳವಣಿಗೆ ಹಾರ್ಮೋನು ಯಕೃತ್ತಿನ ಕೋಶಕ್ಕೆ ಕೊಡುವ ಸಂಕೇತವನ್ನು ಅದು ಒಳಗಿನಿಂದಲೇ ತಗ್ಗಿಸುತ್ತದೆ. ಹಾಗಾಗಿ ಐಜಿಎಫ್-1 ತಯಾರಿ ಇಳಿಯುತ್ತದೆ. ಚರ್ಮದ ಮೂಲಕ ಹೋದ ಈಸ್ಟ್ರೋಜನ್ ಮೊದಲು ರಕ್ತದಲ್ಲಿ ಬೆರೆತು, ತೆಳುವಾಗಿ ಯಕೃತ್ತನ್ನು ತಲುಪುತ್ತದೆ. ಅಲ್ಲಿ ಈ ಪರಿಣಾಮ ಅತ್ಯಲ್ಪ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಹೀಗೆಯೇ ಮಾಡುತ್ತದೆ, ಆದರೆ ಅದನ್ನು ಔಷಧಿಯ ಪಟ್ಟಿಯಲ್ಲಿ ಬರೆಸುವವರು ಬಹಳ ಕಡಿಮೆ.

ಅಂದಿನಿಂದ ನಾನು ಪ್ರತಿಯೊಬ್ಬರನ್ನೂ ವಿವರವಾಗಿ ಕೇಳುತ್ತೇನೆ, ನುಂಗುವುದೇನು, ಹಚ್ಚುವುದೇನು, ಅಂಟಿಸುವುದೇನು, ಚುಚ್ಚಿಕೊಳ್ಳುವುದೇನು ಎಂದು. ವ್ಯಾಯಾಮ ಮಾಡುವ ಯುವಕರು ಟೆಸ್ಟೋಸ್ಟೆರೋನ್ ಚುಚ್ಚಿಕೊಂಡಿರುವುದನ್ನು ಹೇಳಲು ಹಿಂಜರಿಯುತ್ತಾರೆ, ಅದು ಐಜಿಎಫ್-1 ಮಟ್ಟವನ್ನು ಏರಿಸಬಲ್ಲದು. ಡಿಎಚ್‌ಇಎ ಎಂಬ ಅಡ್ರಿನಲ್ ಗ್ರಂಥಿಯ ಹಾರ್ಮೋನಿನ ಮಾತ್ರೆಯನ್ನು ದಿನಕ್ಕೆ 50 ಮಿಲಿಗ್ರಾಂ ತೆಗೆದುಕೊಂಡ ವಯಸ್ಸಾದವರಲ್ಲಿ ಅಲ್ಪ ಏರಿಕೆ ಅಧ್ಯಯನಗಳಲ್ಲಿ ಕಂಡಿದೆ. ಥೈರಾಯ್ಡ್ ಕೊರತೆಯಿದ್ದವರಿಗೆ ಥೈರಾಕ್ಸಿನ್ ಶುರುವಾದರೆ ತಗ್ಗಿದ್ದ ಮಟ್ಟ ಮೇಲೇಳುತ್ತದೆ. ಬೆಳವಣಿಗೆ ಹಾರ್ಮೋನು ಇದೆಯೆಂದು ಮಾರುವ ಮಾತ್ರೆ, ಪುಡಿಗಳ ಬಗ್ಗೆ ಮಾತ್ರ ನಾನು ಖಂಡಿತವಾಗಿ ಹೇಳುತ್ತೇನೆ: ಅದು 191 ಅಮೈನೊ ಆಮ್ಲಗಳ ಪ್ರೋಟೀನು, ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಬೇರೆಯೇ ಸಮಸ್ಯೆ. ಅದು ರಕ್ತದ ಮಟ್ಟವನ್ನು ಮುಟ್ಟದಿದ್ದರೂ, ಬಯೋಟಿನ್ ಕೊಂಡಿಯನ್ನೇ ಬಳಸುವ ಕಿಟ್‌ಗಳಲ್ಲಿ ಅಳತೆಯನ್ನು ಕೆಡಿಸುತ್ತದೆ.

ಆ ಬೆಳಗ್ಗೆ ನಾನು ತಕ್ಷಣ ವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಸಲ ಏರಿಸಿದ್ದೇನಲ್ಲ" ಎಂದರು. ಈಸ್ಟ್ರೋಜನ್ನನ್ನು ಚರ್ಮಕ್ಕೆ ಹಚ್ಚುವ ಜೆಲ್‌ಗೆ ಬದಲಾಯಿಸಿದರೆ ಸಾಲದು, ಅದೇ ದಿನ ಚುಚ್ಚುಮದ್ದಿನ ಪ್ರಮಾಣವನ್ನೂ ಇಳಿಸಬೇಕಾಗಿತ್ತು. ಇಲ್ಲದಿದ್ದರೆ ಯಕೃತ್ತಿನ ಮೇಲಿನ ತಡೆ ಹೋದೊಡನೆ ಐಜಿಎಫ್-1 ಮಿತಿಮೀರಿ ಏರಿ, ಕೈಕಾಲು ಊದಿಕೊಂಡು ಕೀಲುನೋವು ಶುರುವಾಗುತ್ತಿತ್ತು. ಎರಡನ್ನೂ ಒಟ್ಟಿಗೆ ಮಾಡಿದರು.

ಆರು ವಾರಗಳ ನಂತರ ಆ ಮಹಿಳೆ ಮತ್ತೆ ರಕ್ತ ಕೊಡಲು ಬಂದರು, ಜೆಲ್ಲಿನ ಟ್ಯೂಬನ್ನು ಕೈಚೀಲದಿಂದ ತೆಗೆದು ನನ್ನ ಮುಂದಿಟ್ಟರು. ಸಂಖ್ಯೆ ಹಳೆಯ ಜಾಗಕ್ಕೆ ಮರಳಿತ್ತು, ಅದೂ ಮೊದಲಿನ ಪ್ರಮಾಣದಲ್ಲೇ. ಸಹಿ ಹಾಕುವ ಮುನ್ನ ವರದಿಯ ಕೆಳಗೆ "ಈಸ್ಟ್ರೋಜನ್: ಚರ್ಮದ ಮೂಲಕ" ಎಂದು ಬರೆದೆ.