ತೊಂಬತ್ತು ಲಕ್ಷವೂ ಕಡಿಮೆಯೇ

ಕಿಟಕಿಯಾಚೆ ಕುಳಿತಿದ್ದ ಹುಡುಗಿ ತಲೆಯೆತ್ತದೆ ಕೇಳಿದಳು: "ಎಷ್ಟು ದಿನವಾಯಿತು?"

ಮದುವೆಯಾಗಿ ಎಂದುಕೊಂಡು "ನಾಲ್ಕು ವರ್ಷ" ಎಂದೆ. ಆಗ ತಲೆಯೆತ್ತಿದಳು. ನನ್ನ ಹಿಂದೆ ನಿಂತಿದ್ದವರೊಬ್ಬರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅವಳು ಕೇಳಿದ್ದು ಕೊನೆಯ ಬಾರಿ ಸ್ಖಲನವಾಗಿ ಎಷ್ಟು ದಿನವಾಯಿತು ಎಂದು. ವೀರ್ಯ ಪರೀಕ್ಷೆಗೆ ಆ ಅಂತರ 2 ದಿನಕ್ಕಿಂತ ಕಡಿಮೆ ಇರಬಾರದು, 7 ದಿನ ಮೀರಬಾರದು. "ನಾಲ್ಕು ದಿನ" ಎಂದು ತಿದ್ದಿಕೊಂಡೆ. ಅವಳು ನಗಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗಿಟ್ಟಳು. ಮೇಲೆ ನನ್ನ ಹೆಸರು, ತಾರೀಖು. ಗಂಟೆ ಬರೆಯುವ ಜಾಗ ಖಾಲಿ. ಜೊತೆಗೊಂದು ಚೀಟಿ: ಸೋಪು, ಎಣ್ಣೆ, ಎಂಜಲು ತಾಗಬಾರದು, ಒಂದು ಹನಿಯೂ ಹೊರಗೆ ಬೀಳಬಾರದು, ಬಿದ್ದರೆ ಮುಚ್ಚಿಡದೆ ಹೇಳಬೇಕು. ವೀರ್ಯಾಣುಗಳು ಹೆಚ್ಚಾಗಿ ಇರುವುದು ಮೊದಲ ಹನಿಗಳಲ್ಲೇ. ಅವು ಹೋದರೆ ಉಳಿದದ್ದನ್ನು ಎಣಿಸಿ ಪ್ರಯೋಜನವಿಲ್ಲ. ಕೋಣೆಯಲ್ಲಿ ಒಂದು ಕುರ್ಚಿ, ಒಂದು ಬೇಸಿನ್, ಪೂರ್ತಿ ಕೂರದ ಚಿಲಕ. ಹೊರಗೆ ಯಾರೋ ಟೋಕನ್ ಸಂಖ್ಯೆಗಳನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಆ ಕೋಣೆಯ ಬಗ್ಗೆ ಇಷ್ಟು ಸಾಕು.

ಡಬ್ಬಿ ಕೊಟ್ಟ ಮೇಲೆ ಹೋಗಬಹುದಿತ್ತು. ಹೆಂಡತಿ ಕೆಲಸ ಮುಗಿಸಿಕೊಂಡು ಸಂಜೆ ಬರುವವಳಿದ್ದಳು, ವೈದ್ಯರು ಸಿಗುವುದೂ ಆಗಲೇ. ಆದರೆ ಕಾಲು ಹೊರಡಲೊಲ್ಲದು. ಪ್ರಯೋಗಾಲಯದ ಬಾಗಿಲ ಬಳಿ ಎರಡು ಮೂರು ಬಾರಿ ಸುಳಿದಾಡಿದ್ದನ್ನು ಒಳಗಿದ್ದ ಹಿರಿಯ ತಂತ್ರಜ್ಞರು ಗಮನಿಸಿದ್ದರು. ವೀರ್ಯ ಮೊದಲು ಲೋಳೆಯಂತೆ ಗಟ್ಟಿಯಾಗಿರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ನೀರಾಗುತ್ತದೆ, ಆಮೇಲೆಯೇ ಎಣಿಕೆ ಎಂದರು. ಡಬ್ಬಿ 37 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ಬೆಚ್ಚಗೆ ಕುಳಿತಿತ್ತು. ನಾನು ಬೆವರುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕರೆದರು: "ನೋಡುತ್ತೀರಾ?"

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಮೊದಲು ಕಂಡದ್ದು ನನ್ನದೇ ರೆಪ್ಪೆಗೂದಲು. ಅವರು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಬೂದು ಬಯಲು ಜೀವ ತಳೆಯಿತು. ಒಂದು ಎಡದಿಂದ ಬಲಕ್ಕೆ ಬಾಣದಂತೆ ಹೋಯಿತು. ಇನ್ನೊಂದು ಇದ್ದಲ್ಲೇ ಸುತ್ತು ಹಾಕುತ್ತಿತ್ತು, ದಾರಿ ಮರೆತ ಮುದುಕನ ಹಾಗೆ. ಕೆಲವು ಬಾಲ ಅಲ್ಲಾಡಿಸುತ್ತಿದ್ದವು, ಮುಂದೆ ಮಾತ್ರ ಹೋಗುತ್ತಿರಲಿಲ್ಲ. ಬಹಳಷ್ಟು ಸುಮ್ಮನೆ ಬಿದ್ದಿದ್ದವು. ಮೂಲೆಯಲ್ಲಿ ಒಂದಕ್ಕೆ ಎರಡು ತಲೆ. ನಾನು ಗಾಬರಿಯಾದದ್ದು ಕಂಡು ಅವರು, "ಬಣ್ಣ ಹಾಕಿ ನೋಡುವಾಗ ನೂರಕ್ಕೆ ನಾಲ್ಕು ನೆಟ್ಟಗಿದ್ದರೆ ಪಾಸು" ಎಂದರು. ನೂರರಲ್ಲಿ 96 ಸೊಟ್ಟಗಿದ್ದರೂ ಪಾಸು! ಗಂಡಸುತನದ ಬಗ್ಗೆ ಇಷ್ಟು ವರ್ಷ ಕೇಳಿದ ಬಡಾಯಿಗಳಲ್ಲಿ ಈ ಲೆಕ್ಕವನ್ನು ಯಾರೂ ಹೇಳಿರಲಿಲ್ಲ.

ಇವನ್ನು 1677ರಲ್ಲಿ ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದವನು ಲೀವನ್‌ಹುಕ್ ಎಂಬ ಡಚ್ ಬಟ್ಟೆ ವ್ಯಾಪಾರಿ. ಮಾದರಿ ಪಾಪದ ದಾರಿಯಿಂದ ಬಂದದ್ದಲ್ಲ, ದಾಂಪತ್ಯದ ಕೂಟದಲ್ಲಿ ಉಳಿದದ್ದು ಎಂದು ಆತ ಪತ್ರದಲ್ಲೇ ಸಮಜಾಯಿಷಿ ಕೊಟ್ಟಿದ್ದ. ಅಸಹ್ಯವೆನಿಸಿದರೆ ಪ್ರಕಟಿಸಬೇಡಿ ಎಂದೂ ಸೇರಿಸಿದ್ದ. ಮುಜುಗರದಲ್ಲಿ ನನಗೆ ಒಳ್ಳೆಯ ಹಿರಿಯರಿದ್ದಾರೆ.

ತಂತ್ರಜ್ಞರು ಕುರ್ಚಿ ಎಳೆದುಕೊಂಡು ಎಣಿಸತೊಡಗಿದರು. ಎಡಗೈಯಲ್ಲಿ ಎಣಿಕೆಯ ಯಂತ್ರ. ಟಿಕ್, ಟಿಕ್, ಟಿಕ್. ನಡುನಡುವೆ ಆ ಸದ್ದು ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು. ತಡೆಯಲಾರದೆ ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ.

ಆ ಬೆಂಚು ನನಗೆ ಹಳೆಯ ಪರಿಚಯ. ಹಿಂದಿನ 14 ತಿಂಗಳಲ್ಲಿ ಹೆಂಡತಿ ಒಳಗಿರುವಾಗ ಅದರ ಮೇಲೆ ಕುಳಿತು ಎಷ್ಟೋ ಹಳೆಯ ಪತ್ರಿಕೆ ತಿರುವಿದ್ದೇನೆ. ಮುಟ್ಟಿನ ಎರಡನೆಯ ದಿನದ ರಕ್ತ ಪರೀಕ್ಷೆ, ಥೈರಾಯ್ಡ್, ಅಂಡ ಬೆಳೆಯುವುದನ್ನು ದಿನ ಬಿಟ್ಟು ದಿನ ನೋಡುವ ಸ್ಕ್ಯಾನ್. ಗರ್ಭಕೊರಳಿನ ಮೂಲಕ ದ್ರಾವಣ ತುಂಬಿಸಿ, ಅದು ಗರ್ಭನಾಳಗಳಲ್ಲಿ ಹರಿಯುತ್ತದೆಯೇ ಎಂದು ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆಯೊಂದಿದೆ. ಅದರ ದಿನ ಅವಳು ಗೋಡೆ ಹಿಡಿದುಕೊಂಡು ಹೊರಗೆ ಬಂದಿದ್ದಳು. ತುಟಿ ಕಚ್ಚಿ ಕಚ್ಚಿ ಬೆಳ್ಳಗಾಗಿತ್ತು. "ಆಯಿತಾ?" ಎಂದಷ್ಟೇ ನಾನು ಕೇಳಿದ್ದು. ನಾಳಗಳು ತೆರೆದೇ ಇದ್ದವು. ಎಲ್ಲ ವರದಿಗಳೂ ಚೆನ್ನಾಗಿಯೇ ಇದ್ದವು. ಅವು ತುಂಬಿದ ದಪ್ಪ ಫೈಲನ್ನು "ನಮ್ಮ ಫೈಲು" ಎಂದು ಕರೆಯುತ್ತಿದ್ದೆವು. ಅದರ ಮೇಲಿದ್ದದ್ದು ಅವಳೊಬ್ಬಳ ಹೆಸರು. "ವಿಶೇಷ ಏನೂ ಇಲ್ಲವಾ?" ಎಂದು ನೆಂಟರು ಕೇಳುತ್ತಿದ್ದುದೂ ಅವಳನ್ನೇ.

ವೈದ್ಯರು ಮರೆತಿದ್ದರು ಎಂದು ಬರೆಯಲು ಆಸೆಯಾಗುತ್ತದೆ. ಮರೆತಿರಲಿಲ್ಲ. ಮೊದಲ ಭೇಟಿಯ ಚೀಟಿಯಲ್ಲೇ ಕೊನೆಯ ಸಾಲು "ಗಂಡನ ವೀರ್ಯ ಪರೀಕ್ಷೆ" ಎಂದಿತ್ತು. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ, ಸೂಜಿಯೂ ಚುಚ್ಚದ ಈ ಪರೀಕ್ಷೆ ಮೊದಲೇ ಆಗಿಬಿಡಲಿ ಎಂದು ಬಾಯಿಬಿಟ್ಟು ಹೇಳಿಯೂ ಇದ್ದರು. "ಮೊದಲು ಇವಳದು ಮುಗಿಯಲಿ" ಎಂದವನು ನಾನು. ಆಮೇಲೆ ಕಚೇರಿಯಲ್ಲಿ ರಜೆ ಸಿಗಲಿಲ್ಲ, ಆಮೇಲೆ ನೆಗಡಿ, ಆಮೇಲೆ ಮುಂದಿನ ತಿಂಗಳು. ಅವಳು ಒಂದು ಸಲವೂ ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದರೆ ಜಗಳವಾಡಬಹುದಿತ್ತು.

ಸಂಜೆ ಇಬ್ಬರೂ ಒಳಗೆ ಹೋದೆವು. ವರದಿ ಒಂದೇ ಹಾಳೆ. ಒಂದು ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು.

"90 ಲಕ್ಷ!" ಎಂದೆ. ನನ್ನ ದನಿಯಲ್ಲಿ ಹೆಮ್ಮೆಯೇ ಇತ್ತೆಂದು ಅವಳು ಈಗಲೂ ಹೇಳುತ್ತಾಳೆ.

"ಕಡಿಮೆ" ಎಂದರು ವೈದ್ಯರು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗೆರೆ 1.6 ಕೋಟಿ. 1999ರಲ್ಲಿ ಅದು 2 ಕೋಟಿ ಇತ್ತು, 2010ರಲ್ಲಿ 1.5 ಕೋಟಿಗೆ ಇಳಿಯಿತು. ನನ್ನ ಮುಖ ನೋಡಿ ಅವರು ಪೆನ್ನು ಕೆಳಗಿಟ್ಟು ಬಿಡಿಸಿ ಹೇಳಿದರು. ಒಂದು ವರ್ಷದೊಳಗೆ ತಂದೆಯಾಗುವ ಹಾದಿ ಹಿಡಿದ ಗಂಡಸರನ್ನೇ ಸಾಲಾಗಿ ನಿಲ್ಲಿಸಿ, ಎಣಿಕೆಯಲ್ಲಿ ತೀರಾ ಕೆಳಗಿನ ನೂರಕ್ಕೆ ಐದು ಮಂದಿ ಎಲ್ಲಿ ಮುಗಿಯುತ್ತಾರೋ ಅಲ್ಲಿ ಎಳೆದ ಗೆರೆ ಅದು. ಅಂದರೆ ಗೆರೆಯ ಕೆಳಗಿದ್ದ ಆ ಐವರೂ ಅಪ್ಪಂದಿರಾಗುವವರೇ.

ಮೂರು ತಿಂಗಳಲ್ಲಿ ಜ್ವರವೇನಾದರೂ ಬಂದಿತ್ತೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಎರಡು ತಿಂಗಳ ಹಿಂದೆ, ಒಂಬತ್ತು ದಿನ, 103 ಡಿಗ್ರಿ" ಎಂದಳು. ನನ್ನ ಜ್ವರದ ಲೆಕ್ಕವೂ ಅವಳ ಬಳಿಯೇ ಇತ್ತು. ವೃಷಣಗಳು ದೇಹದ ಹೊರಗೆ ತೂಗುವುದೇ ತಂಪಿಗಾಗಿ. ಒಳಗಿನ ಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಇದ್ದರೇ ಅಲ್ಲಿ ಕೆಲಸ ನಡೆಯುವುದು. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಇವತ್ತು ಡಬ್ಬಿಯಲ್ಲಿ ಬಂದದ್ದು ಆ ಜ್ವರದ ದಿನಗಳ ಬೆಳೆಯಿರಬಹುದು, ಒಂದೇ ವರದಿ ನಂಬಿ ಚಿಕಿತ್ಸೆ ಬೇಡ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು. ಪರದೆಯ ಹಿಂದೆ ನಿಲ್ಲಿಸಿ, "ಕೆಮ್ಮಿ" ಎಂದು, ರಕ್ತನಾಳ ಉಬ್ಬಿದೆಯೇ ಎಂದು ಕೈಯಿಂದ ನೋಡಿದರು. ಉಬ್ಬಿರಲಿಲ್ಲ.

ನಾನು ಕೇಳಿದ್ದು ವಂಶವಾಹಿಯ ದೋಷವೇನಾದರೂ ಇರಬಹುದೇ ಎಂದು. ಎಣಿಕೆ 50 ಲಕ್ಷಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ವರ್ಣತಂತುಗಳ ಪರೀಕ್ಷೆ ಮಾಡಿಸುತ್ತಾರಂತೆ: ಒಂದು ಎಕ್ಸ್ ಹೆಚ್ಚಿಗೆ ಇದೆಯೇ, ವೈ ವರ್ಣತಂತುವಿನಲ್ಲಿ ಚೂರೇನಾದರೂ ಕಳಚಿದೆಯೇ ಎಂದು. ವೈಯಲ್ಲಿ ಕಳಚಿದ್ದು ಅಪ್ಪನಿಂದ ಮಗನಿಗೆ ಹಾಗೇ ಇಳಿಯುತ್ತದೆ. "ನಿಮಗೆ ಈಗಲೇ ಅದು ಬೇಡ" ಎಂದರು. ಅವಳು ನನ್ನ ಹಾಳೆಯನ್ನು ಫೈಲಿಗೆ ಸೇರಿಸಲು ನೋಡಿದಳು, ತೂತುಗಳು ಹೊಂದಲಿಲ್ಲ. ಮಡಚಿ ಒಳಗಿಟ್ಟುಕೊಂಡಳು.

ಮೆಟ್ಟಿಲು ಇಳಿಯುವಾಗ ಇಬ್ಬರೂ ಮಾತಾಡಲಿಲ್ಲ. ಕೊನೆಯ ತಿರುವಿನಲ್ಲಿ ಅವಳು ನಿಂತಳು.

"ನೋವಾಯಿತಾ?" ಎಂದು ಕೇಳಿದಳು.

ಮುಖ ನೋಡಿದೆ. ಚುಚ್ಚುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು.

"ಇಲ್ಲ" ಎಂದೆ. ಅವಳ ಕೈಯಿಂದ ಫೈಲನ್ನು ಇಸಿದುಕೊಂಡೆ. ಅಷ್ಟು ಭಾರವಿದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.